ಜಗಲಿಯ ಮೀಟರು, ಮನೆಯ ಕ್ರಯ

ಬದಿಯಡ್ಕ, ಮುಳ್ಳೇರಿಯ, ಪೆರ್ಲ ಆಸುಪಾಸಿನ ಹಳೆಯ ತೋಟದ ಮನೆಗಳು ಮಾರಾಟಕ್ಕೆ ಬರುವುದು ಈಗ ಅಪರೂಪವಲ್ಲ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನೆಲೆನಿಂತ ಮೇಲೆ ಹೆತ್ತವರು ಮನೆ ಕೊಡಲು ಮನಸ್ಸು ಮಾಡುತ್ತಾರೆ. ನೋಡಲು ಬಂದವನು ಮೊದಲು ಬಾವಿಯ ನೀರು, ದಾರಿಯ ಹಕ್ಕು ವಿಚಾರಿಸುತ್ತಾನೆ. ಬಳಿಕ ಜಗಲಿಯ ಮೀಟರ್ ಹಲಗೆಯತ್ತ ಕಣ್ಣು ಹಾಯಿಸುತ್ತಾನೆ. ಪಿಂಗಾಣಿಯ ಫ್ಯೂಸು, ಮರದ ಪಟ್ಟಿಯ ಮೇಲಿನ ತಂತಿ ಕಂಡರೆ ಚೌಕಾಶಿ ಅಲ್ಲಿಂದಲೇ ಆರಂಭ.

ಕೇರಳದ 2014ರ ವಿದ್ಯುತ್ ಸರಬರಾಜು ಸಂಹಿತೆಯಂತೆ ಮನೆಯ ಒಟ್ಟು ಹೊರೆ 5,000 ವಾಟ್ ಮೀರದಿದ್ದರೆ ಸಿಂಗಲ್ ಫೇಸ್, ಮೀರಿದರೆ ತ್ರೀ ಫೇಸ್. 2,000 ವಾಟಿನ ಗೀಸರ್, ಅಷ್ಟೇ ಶಕ್ತಿಯ ಇಂಡಕ್ಷನ್ ಒಲೆ, 1,500 ವಾಟಿನ ಏಸಿ ಸೇರಿದರೆ 5,500 ಆಯಿತು. ಪಂಪು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಆದರೆ ಮೀಟರು ಬದಲಾದ ಮಾತ್ರಕ್ಕೆ ಗೋಡೆಯೊಳಗಿನ ಸಣ್ಣ ತಂತಿ ದಪ್ಪವಾಗುವುದಿಲ್ಲ. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ. ಆದ್ದರಿಂದ 30 ಮಿಲಿಆಂಪಿಯರಿಗೆ ಕಡಿತಗೊಳ್ಳುವ ಆರ್‌ಸಿಸಿಬಿ ಅಳವಡಿಸುವುದು ಕ್ರಯಕ್ಕಿಂತ ಮೊದಲು ಜೀವದ ಪ್ರಶ್ನೆ.

ಖರ್ಚು ಮರಳುವುದೇ? ಸರಕಾರದ ನ್ಯಾಯಬೆಲೆ ನಿಗದಿಯಾಗುವುದು ಭೂಮಿಗೆ; ಹೊಸ ವೈರಿಂಗಿನಿಂದ ಅದು ಏರದು. ತೋಟಕ್ಕಾಗಿ ಕೊಂಡು ಮನೆ ಕೆಡಹುವವನು ವೈರಿಂಗಿಗೆ ಬಿಡಿಗಾಸನ್ನೂ ಹೆಚ್ಚು ಕೊಡುವುದಿಲ್ಲ. ಅಂಥವನಿಗೂ ಉಪಯೋಗಕ್ಕೆ ಬರುವುದು ಜಾಗದವರೆಗೆ ಎಳೆದ ಲೈನು. ಗುಡ್ಡದ ಬದಿಯ ಒಂಟಿ ಮನೆಗೆ ಕಂಬ ನೆಡಬೇಕಾದರೆ ಆ ವೆಚ್ಚವನ್ನು ಅರ್ಜಿದಾರನಿಂದ ವಸೂಲು ಮಾಡಲು 2003ರ ವಿದ್ಯುತ್ ಕಾಯ್ದೆಯ 46ನೇ ಕಲಮು ಅವಕಾಶ ಕೊಡುತ್ತದೆ. ಕಂಬ ಈಗಾಗಲೇ ಅಂಗಳದ ಬದಿಗೆ ಬಂದಿದ್ದರೆ ಕೊಳ್ಳುವವನಿಗೆ ಅಷ್ಟು ಉಳಿತಾಯ.

ತಂತಿಗಿಂತ ಹೆಚ್ಚು ತೊಡಕಿರುವುದು ಕಾಗದದಲ್ಲಿ. ಎಷ್ಟೋ ಮನೆಗಳಲ್ಲಿ ಪಾಲುಪಟ್ಟಿ ಆಗಿ ದಶಕ ಕಳೆದರೂ ಬಿಲ್ಲು ತೀರಿಹೋದ ಅಜ್ಜನ ಹೆಸರಿಗೇ ಬರುತ್ತಿರುತ್ತದೆ. ಮಾರುವ ಮೊದಲೇ ಸಂಪರ್ಕವನ್ನು ಹಕ್ಕುದಾರರ ಹೆಸರಿಗೆ ಬದಲಿಸಿಕೊಳ್ಳುವುದು ಲೇಸು. ಬಾಕಿಯ ವಿಷಯವಂತೂ ಹಗುರವಲ್ಲ. ಕೆ.ಸಿ. ನೈನಾನ್ ಮತ್ತು ಕೇರಳ ರಾಜ್ಯ ವಿದ್ಯುತ್ ಮಂಡಳಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2023ರ ಮೇ 19ರಂದು ತೀರ್ಪಿತ್ತಿತು: ಹಿಂದಿನ ಮಾಲೀಕನ ಬಾಕಿ ತೀರಿಸಿದರೆ ಮಾತ್ರ ಅದೇ ಕಟ್ಟಡಕ್ಕೆ ಸಂಪರ್ಕವೆಂಬ ಷರತ್ತನ್ನು ನಿಯಮಗಳ ಮೂಲಕ ವಿಧಿಸಬಹುದು. ಆ ಪ್ರಕರಣಗಳು ಹರಾಜಿನಲ್ಲಿ ಕೊಂಡವರವು. ಆದರೂ ಎಚ್ಚರ ಎಲ್ಲ ಖರೀದಿದಾರರಿಗೂ ಸಲ್ಲುತ್ತದೆ. ಬಾಕಿ ಯಾರ ಹೊಣೆ, ಭದ್ರತಾ ಠೇವಣಿ ಯಾರಿಗೆ ಎಂಬುದನ್ನು ಕರಾರುಪತ್ರದಲ್ಲೇ ಬರೆಯಬೇಕು.

ಇನ್ನೊಂದು ಗುಪ್ತ ಹೊರೆಯುಂಟು. ಅಡಿಕೆ ತೋಟದ ಕೃಷಿ ಪಂಪಿನ ಸಂಪರ್ಕದಿಂದ ಮನೆಗೋ ಬಾಡಿಗೆಯ ಬಿಡಾರಕ್ಕೋ ತಂತಿ ಎಳೆಯುವುದನ್ನು ಊರಲ್ಲಿ ಯಾರೂ ಅಪರಾಧವೆಂದು ಎಣಿಸುವುದಿಲ್ಲ. ಕಾಯ್ದೆಯ 126ನೇ ಕಲಮಿಗೆ ಅದು ಅನಧಿಕೃತ ಬಳಕೆ. ಅನ್ವಯವಾಗುವ ದರದ ಇಮ್ಮಡಿ ತೆರಬೇಕಾಗುತ್ತದೆ. ಮನೆ ತೋರಿಸುವ ಮೊದಲು ಆ ತಂತಿ ಕಳಚಿರಬೇಕು.

ಅಧಿಕೃತ ಪರವಾನಗಿ ಪಡೆದವರಿಂದಲೇ ಕೆಲಸ ಮಾಡಿಸಿ, ಬಿಲ್ಲು, ಪೂರ್ಣತಾ ಪತ್ರಗಳನ್ನು ಆಧಾರದೊಂದಿಗೆ ಇಟ್ಟುಕೊಂಡವರಿಗೆ ಮತ್ತೊಂದು ಅನುಕೂಲ: ಮಾರಾಟದ ಲಾಭಕ್ಕೆ ಆದಾಯ ತೆರಿಗೆ ಲೆಕ್ಕ ಹಾಕುವಾಗ ಬಂಡವಾಳ ಸ್ವರೂಪದ ಸುಧಾರಣಾ ವೆಚ್ಚವನ್ನು ಕಳೆಯಲು ಬರುತ್ತದೆ. ಬಲ್ಬು ಬದಲಿಸಿದ ಚೀಟಿ ಅಲ್ಲಿ ನಡೆಯದು.