ಇಳಿವಯಸ್ಸಿನಲ್ಲಿ ಕಾವ್ಯಾರಂಭ

ಐವತ್ತು ದಾಟಿದವರು ಪದ್ಯ ಬರೆಯಹೊರಟರೆ ನೋಡುವವರಿಗೆ ನಗೆ, ಬರೆಯುವವರಿಗೆ ಸಂಕೋಚ. ಲೆಕ್ಕದ ವಹಿಯ ಹಿಂಬದಿಯಲ್ಲಿ ನಾಲ್ಕು ಸಾಲು ಗೀಚಿ, ಯಾರೂ ಕಾಣುವ ಮುನ್ನ ಹರಿದುಹಾಕುವವರು ಎಷ್ಟೋ ಮಂದಿ. ಕವಿತೆ ತಾರುಣ್ಯದ ಸೊತ್ತೆಂಬ ನಂಬಿಕೆಯೇ ಇದಕ್ಕೆ ಕಾರಣ. ಆದರೆ ಆ ನಂಬಿಕೆ ಎಷ್ಟು ನಿಜ?

ಹಾನಗಲ್ಲ ತಾಲೂಕಿನ ತಿಳವಳ್ಳಿಯವರು ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ನೆರೆಯ ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಹುಟ್ಟೂರು. ಅವರು ಮೊದಲು ಅಧಿಕಾರ ನಡೆಸಿದ ನಾಯಕರು, ಯುದ್ಧದಲ್ಲಿ ಗಾಯಗೊಂಡ ಬಳಿಕ ಹರಿದಾಸರಾದರು ಎಂಬುದು ಪ್ರತೀತಿ. ಅವರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ಹಿರಿತನದ ಜಗಳ. ಎರಡಕ್ಕೂ ಆರು ತಿಂಗಳು ಸೆರೆ. ಕೊನೆಗೆ ಕೆಡದೆ ಉಳಿದ ರಾಗಿಗೆ ಶ್ರೀರಾಮನ ಮನ್ನಣೆ. ಕಣಜದಲ್ಲಿ ಯಾವ ಕಾಳು ಬಾಳುತ್ತದೆಂಬುದನ್ನೂ, ಮೇಲುಕೀಳೆಂಬ ಮಾತಿನ ನೋವನ್ನೂ ಬಲ್ಲವರಿಗಲ್ಲದೆ ಇಂಥ ವಸ್ತು ಹೊಳೆಯುವುದು ಕಷ್ಟ.

ಈಚಿನ ಉದಾಹರಣೆಗಳೂ ಉಂಟು. ಆಂಗ್ಲ ಸಾಹಿತ್ಯದ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪುಸ್ತಕವಾಗಿ ಬಂದಾಗ ಅವರಿಗೆ 42 ವರ್ಷ. ಡಿ. ವಿ. ಗುಂಡಪ್ಪನವರಿಗೆ ಪದ್ಯರಚನೆ ಹೊಸದಲ್ಲವಾದರೂ, ಅವರ ಹೆಸರನ್ನು ಮನೆಮನೆಗೆ ಒಯ್ದ 'ಮಂಕುತಿಮ್ಮನ ಕಗ್ಗ' ಪ್ರಕಟವಾದದ್ದು 1943ರಲ್ಲಿ, ಅವರ 56ನೆಯ ವಯಸ್ಸಿನಲ್ಲಿ. ಪತ್ರಿಕೋದ್ಯಮ, ಸಾರ್ವಜನಿಕ ಜೀವನಗಳಲ್ಲಿ ಕಂಡ ಲೋಕವೇ ಆ 945 ಪದ್ಯಗಳ ಬಂಡವಾಳ.

ಅನುಭವವೊಂದೇ ಸಾಲದು, ಕಿವಿಯೂ ಪಳಗಬೇಕು. 'ರಾಮಧಾನ್ಯ ಚರಿತೆ'ಯ ಭಾಮಿನೀ ಷಟ್ಪದಿಯನ್ನೇ ನೋಡಿರಿ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ. 3 ಮತ್ತು 6ನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೊಂದು ಗುರು ಸೇರಿ 23. ಒಟ್ಟು 102. ಬೆರಳೆಣಿಸಿ ಕಲಿತದ್ದು ಕ್ರಮೇಣ ಕಿವಿಗೇ ಇಳಿಯುತ್ತದೆ. ಗಮಕವಾಚನವನ್ನು ಮನಸ್ಸಿಟ್ಟು ಕೇಳುವುದು ಇದಕ್ಕೆ ಒಳ್ಳೆಯ ಸಾಧನ. ಹೊಸಗನ್ನಡದ ಮುಕ್ತಛಂದದಲ್ಲಿ ಈ ಎಣಿಕೆಯ ಕಟ್ಟಿಲ್ಲ. ಆದರೂ ಲಯದ ಅರಿವಿಲ್ಲದೆ ಅದೂ ಸಾಗದು.

ಹೊಸದಾಗಿ ತೊಡಗಿದವರು ಚಂದ್ರಮ, ಕೋಗಿಲೆಗಳ ಬೆನ್ನು ಹತ್ತದೆ ತಾವು ಬಲ್ಲ ಅಂಗಡಿ, ಹೊಲ, ಅಡಿಗೆಮನೆಗಳಿಂದ ವಸ್ತುವನ್ನು ಆರಿಸಲಿ. ಬರೆದುದನ್ನು ಗಟ್ಟಿಯಾಗಿ ಓದಿ, ಎಡವಿದಲ್ಲಿ ತಿದ್ದಲಿ. ಎಲ್ಲವೂ ಅಚ್ಚಾಗಬೇಕೆಂದಿಲ್ಲ. ಆದರೆ ಒಂದು ಬಾಳು ಕಂಡದ್ದು ಆ ಬಾಳಿನೊಡನೆಯೇ ಅಳಿಯದಂತೆ ನಾಲ್ಕು ಸಾಲು ಉಳಿದರೆ, ಮನೆಯವರಿಗೆ ಅದೇನು ಸಣ್ಣ ಆಸ್ತಿಯೆ? ಹರಿದುಹಾಕುವ ಮುನ್ನ ಒಮ್ಮೆ ಅವರ ಮುಂದೆ ಓದಿರಿ.