ಮೂಗಿಗೆ ಆಪರೇಷನ್, ತೊಡೆಗ್ಯಾಕೆ ಬ್ಯಾಂಡೇಜು?

ನ್ಯೂರೋ ಸರ್ಜರಿ ಓಟಿಯಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದೆ. ಪಿಟ್ಯುಟರಿ ಗೆಡ್ಡೆ ತೆಗೆಸಿಕೊಂಡವರ ಮನೆಯವರು ವಾರ್ಡಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಿಸ್ಟರ್, ಕಾಯಿಲೆ ಇದ್ದದ್ದು ತಲೆಯಲ್ಲಿ, ಆಪರೇಷನ್ ಮಾಡಿದ್ದು ಮೂಗಿನಿಂದ, ಮತ್ತೆ ತೊಡೆಗ್ಯಾಕೆ ಬ್ಯಾಂಡೇಜು?" ನಮಗೆ ಗೊತ್ತಿಲ್ಲದ ಹಾಗೆ ಏನೋ ಕಿತ್ತುಕೊಂಡಿದ್ದಾರೆ ಅನ್ನುವ ಗುಮಾನಿ ಕೆಲವರ ಮುಖದಲ್ಲೇ ಕಾಣಿಸುತ್ತಿತ್ತು. ಈ ಪ್ರಶ್ನೆಗೆ ಉತ್ತರ ಇರುವುದು ಈರುಳ್ಳಿ ಎಸಳುಗಳ ನಡುವಿನ ಸಿಪ್ಪೆಯಷ್ಟು ತೆಳ್ಳಗಿನ ಒಂದು ಪೊರೆಯಲ್ಲಿ.

ಮೊದಲು ಜಾಗ ಯಾವುದು ಅಂತ ಹೇಳಿಬಿಡ್ತೀನಿ. ಮೂಗಿನೊಳಗೆ ನೇರ ಹಿಂದಕ್ಕೆ ಹೋದರೆ ಮೂಳೆಯೊಳಗೊಂದು ಖಾಲಿ ಕೋಣೆ ಸಿಗುತ್ತದೆ. ಅದೇ ಸ್ಪೀನಾಯ್ಡ್ ಸೈನಸ್. ಅದರ ಮೇಲಿನ ಮೂಳೆಯಲ್ಲಿ ಕುದುರೆಯ ಜೀನಿನಂಥ ತಗ್ಗು. ಅದಕ್ಕೇ ಹಳಬರು 'ಟರ್ಕಿ ಜೀನು' ಅಂತ ಹೆಸರಿಟ್ಟರು. ಆ ತಗ್ಗಿನಲ್ಲಿ ಬಟಾಣಿ ಕಾಳಿನಷ್ಟು, ಸುಮಾರು ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿ ಕೂತಿರುತ್ತದೆ. ಇಡೀ ಮೈಯ ಹಾರ್ಮೋನುಗಳ ಯಜಮಾನಿಕೆ ಇದರದ್ದು. ಇಲ್ಲಿ ಗೆಡ್ಡೆ ಬೆಳೆದರೆ ಕೆಲವರಿಗೆ ಬೆರಳಿನ ಉಂಗುರ, ಕಾಲಿನ ಚಪ್ಪಲಿ ಬಿಗಿಯಾಗುತ್ತಾ ಹೋಗುತ್ತವೆ. ಕೆಲವರಿಗೆ ಮುಟ್ಟು ನಿಲ್ಲುತ್ತದೆ. ಗೆಡ್ಡೆ ದೊಡ್ಡದಾಗಿ ಮೇಲಕ್ಕೆ ತಳ್ಳಿದರೆ ಅಲ್ಲೇ ಮೇಲಿರುವ ಕಣ್ಣಿನ ನರಗಳು ಒತ್ತಿಕೊಂಡು, ಅಕ್ಕಪಕ್ಕದ ನೋಟ ಮಸುಕಾಗಿ, ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಓಡಾಡುತ್ತಾರೆ.

ಈ ಜಾಗಕ್ಕೆ ಮೂಗಿನ ದಾರಿ ಹಿಡಿದದ್ದು ಇವತ್ತು ನಿನ್ನೆಯದಲ್ಲ. 1907ರಲ್ಲೇ ಆಸ್ಟ್ರಿಯಾದ ಹರ್ಮನ್ ಶ್ಲೋಫರ್ ಮಾಡಿದ್ದರು. 1960ರ ದಶಕದಲ್ಲಿ ಕೆನಡಾದ ಜೂಲ್ ಹಾರ್ಡಿ ಇದಕ್ಕೆ ಮೈಕ್ರೋಸ್ಕೋಪ್ ತಂದರು, 1990ರ ದಶಕದಿಂದ ಎಂಡೋಸ್ಕೋಪ್ ಬಂತು. ದಾರಿ ಗೊತ್ತಾದರೆ ಸಾಲದು ನೋಡಿ, ಗೋಡೆಗಳೂ ಗೊತ್ತಿರಬೇಕು.

ಮೆದುಳಿನ ಹೊರಗಿನ ದಪ್ಪ ಪೊರೆ ಡ್ಯೂರಾ ಮೇಟರ್. ಆ ಲ್ಯಾಟಿನ್ ಹೆಸರಿನ ಅರ್ಥ 'ಗಟ್ಟಿ ತಾಯಿ' ಅಂತೆ. ಅರಬ್ಬೀ ವೈದ್ಯಗ್ರಂಥಗಳಿಂದ ಹಾಗೇ ಅನುವಾದವಾಗಿ ಬಂದದ್ದು. ಕೇಳಿದ ದಿನದಿಂದ ನನಗೆ ಈ ಹೆಸರು ಬಹಳ ಇಷ್ಟ. ಡ್ಯೂರಾದಲ್ಲಿ ಎರಡು ಪದರ. ಗ್ರಂಥಿಯ ಮುಂದೆ ಮತ್ತು ಕೆಳಗೆ ಎರಡೂ ಅಂಟಿಕೊಂಡಿರುತ್ತವೆ, ಗಟ್ಟಿ ಗೋಡೆ. ಆದರೆ ಎಡಬಲಕ್ಕೆ ಹೋಗುವಾಗ ಪದರಗಳು ಬೇರೆಯಾಗುತ್ತವೆ, ಗ್ರಂಥಿಯ ಮಗ್ಗುಲಿಗೆ ಉಳಿಯುವುದು ಒಂದೇ ಪದರ. ಅದರಾಚೆ ರಕ್ತ ತುಂಬಿದ ಕೆವರ್ನಸ್ ಸೈನಸ್, ಅದರೊಳಗೆ ಮೆದುಳಿಗೆ ರಕ್ತ ಒಯ್ಯುವ ಕೆರಾಟಿಡ್ ರಕ್ತನಾಳ, ಕಣ್ಣುಗುಡ್ಡೆ ಆಡಿಸುವ ನರಗಳು. ಗೆಡ್ಡೆ ಪಕ್ಕಕ್ಕೆ ನುಗ್ಗುವುದೂ ಈ ಒಂಟಿ ಪದರದ ಕಡೆಯಿಂದಲೇ. ಅಲ್ಲಿ ಸರ್ಜನ್ ಕೈ ತುಂಬಾ ನಿಧಾನ ಆಗುತ್ತಿತ್ತು, ಓಟಿಯಲ್ಲಿ ರೇಡಿಯೋ ಹಾಕಿದ್ದರೆ ಆಗ ಆರಿಸಲು ಹೇಳುತ್ತಿದ್ದರು.

ಇದೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಅಳತೆಯ ವ್ಯವಹಾರ. ಅಮೆರಿಕದ ಫ್ಲಾರಿಡಾದಲ್ಲಿ ಆಲ್ಬರ್ಟ್ ರೋಟನ್ ಅನ್ನುವ ಸರ್ಜನ್ ಜೀವನವಿಡೀ ಮೈಕ್ರೋಸ್ಕೋಪಿನ ಕೆಳಗೆ ಇದನ್ನೇ ಬಿಡಿಸಿ ನೋಡಿದರು. ಅವರೂ ಜೊತೆಯವರೊಬ್ಬರೂ ಸೇರಿ 1975ರಲ್ಲಿ ಈ ಜಾಗದ 50 ಮಾದರಿಗಳನ್ನು ಅಳೆದು ಬರೆದರು: ಕೆಲವರಲ್ಲಿ ಕೆರಾಟಿಡ್ ಮೇಲೆ ಮೂಳೆಯ ಹೊದಿಕೆಯೇ ಇಲ್ಲ, ಕೆಲವರಲ್ಲಿ ಎಡಬಲದ ನಾಳಗಳು ನಡುಗೆರೆಗೆ ತೀರಾ ಹತ್ತಿರ. ಒಬ್ಬರ ಮುಖದಂತೆ ಇನ್ನೊಬ್ಬರದ್ದು ಇರಲ್ಲವಲ್ಲ, ಒಳಗೂ ಹಾಗೇ. ಆಪರೇಷನ್‌ಗೆ ಮೊದಲು ಎಂಆರ್‌ಐ, ಸಿಟಿ ಎರಡೂ ಬರೆದುಕೊಟ್ಟರೆ ದುಡ್ಡು ಕೀಳುವುದಕ್ಕೆ ಅಂದುಕೊಳ್ಳಬೇಡಿ.

ಈಗ ಚಾವಣಿ. ಗ್ರಂಥಿಯ ಮೇಲೆ ಡ್ಯೂರಾದ್ದೇ ಒಂದು ತೆಳು ಪರದೆ, ನಡುವೆ ಒಂದು ತೂತು. ಗ್ರಂಥಿಯ ತೊಟ್ಟು ಅದರೊಳಗಿಂದ ಮೆದುಳಿಗೆ ಹೋಗುತ್ತದೆ. ತೂತು ಕೆಲವರಿಗೆ ಸಣ್ಣದು, ಕೆಲವರಿಗೆ ಅಗಲ. ಅದರ ಮೇಲೆ ಅರಾಕ್ನಾಯ್ಡ್, ಅಂದರೆ ಜೇಡರ ಬಲೆಯಂಥ ಪೊರೆ. ಅದರ ಹಿಂದೆ ಮೆದುಳಿನ ನೀರು. ನಮ್ಮ ತಲೆ, ಬೆನ್ನುಹುರಿ ಎಲ್ಲ ಸೇರಿ ಒಂದು ಹೊತ್ತಿಗೆ ಸುಮಾರು 150 ಎಂಎಲ್ ಇರುವ ಈ ನೀರು ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಹುಟ್ಟುತ್ತದೆ. ಮೂಗಿಗೂ ಮೆದುಳಿಗೂ ನಡುವೆ ಕೊನೆಯ ಬಾಗಿಲು ಅಂದರೆ ಈ ಪೊರೆಯೇ.

ದೊಡ್ಡ ಗೆಡ್ಡೆ ಇದನ್ನು ಮೇಲಕ್ಕೆ ತಳ್ಳಿ ಬಲೂನಿನ ಹಾಗೆ ಹಿಗ್ಗಿಸಿರುತ್ತದೆ. ಗೆಡ್ಡೆ ತುಣುಕು ತುಣುಕಾಗಿ ಬಂದ ಹಾಗೆ ಪೊರೆ ತಾನಾಗಿ ಕೆಳಗೆ ಜೋಲುತ್ತದೆ. ಮಾನಿಟರಿನಲ್ಲಿ ನೋಡಬೇಕು ಅದನ್ನು: ತಿಳಿನೀಲಿ ಬಿಳುಪು, ಎದೆಬಡಿತಕ್ಕೆ ಸರಿಯಾಗಿ ಮಿಡಿಯುತ್ತಾ, ತೊಟ್ಟಿಲ ಬಟ್ಟೆಯ ಹಾಗೆ ಇಳಿದು ಬರುತ್ತದೆ. ಬೇಗ ಇಳಿದರೆ ಕಷ್ಟ, ಹಿಂದೆ ಉಳಿದ ಗೆಡ್ಡೆಯನ್ನು ಮರೆಮಾಡಿಬಿಡುತ್ತದೆ. ಅದಕ್ಕೇ ಕೆಳಗಿನದ್ದು, ಪಕ್ಕದ್ದು ಮೊದಲು, ಮೇಲಿನದ್ದು ಕೊನೆಗೆ. ಎಷ್ಟೇ ನಯವಾಗಿ ಮಾಡಿದರೂ ಒಮ್ಮೊಮ್ಮೆ ಪೊರೆ ಹರಿಯುತ್ತದೆ, ತಿಳಿನೀರು ಜಿನುಗುತ್ತದೆ. ಗೆಡ್ಡೆಗೇ ಅಂಟಿಕೊಂಡಿದ್ದರೆ ಯಾರೇನು ಮಾಡಕ್ಕಾಗುತ್ತೆ? ಆಗ ಅರಿವಳಿಕೆ ಡಾಕ್ಟರು ಶ್ವಾಸದ ಒತ್ತಡ ಒಂದು ಕ್ಷಣ ಏರಿಸಿ, ನೀರು ಬರುತ್ತದಾ ನೋಡುತ್ತಾರೆ. ಬಂದರೆ ರೋಗಿಯ ತೊಡೆಯಿಂದಲೋ ಹೊಟ್ಟೆಯಿಂದಲೋ ಚೂರು ಕೊಬ್ಬು, ಬೇಕಾದರೆ ತೊಡೆಯ ಸ್ನಾಯುವಿನ ಮೇಲಿನ ಗಟ್ಟಿ ಪೊರೆ ತೆಗೆದು ಅಲ್ಲಿ ತೇಪೆ ಹಾಕುತ್ತಾರೆ. ತೊಡೆಯ ಬ್ಯಾಂಡೇಜಿನ ಕಥೆ ಇಷ್ಟೇ.

ನಾನು ಇದನ್ನೆಲ್ಲ ಬರೆಯಲು ಕಾರಣ ಹಾವೇರಿ ಕಡೆಯ ಒಬ್ಬ ರೈತ. ಆಪರೇಷನ್ ಚೆನ್ನಾಗಿ ಆಗಿ ಮನೆಗೆ ಹೋದವರು, ಹನ್ನೆರಡನೇ ದಿನ ಜ್ವರ, ಕತ್ತು ಬಿಗಿತ ಅಂತ ವಾಪಸು ಬಂದರು. ಮೆನಿಂಜೈಟಿಸ್. ಹೆಂಡತಿ ಹೇಳಿದ್ದು: "ಹೋದ ದಿನದಿಂದ ಮೂಗು ಸೋರಾಕ ಹತ್ತಿತ್ರಿ ಸಿಸ್ಟರ್. ನೆಗಡಿ ಅಂತ ತಿಳಕೊಂಡು ಕಷಾಯ ಕೊಟ್ಟೇನ್ರಿ. ಗಂಟಲೊಳಗ ಉಪ್ಪುಪ್ಪು ಅಂತಿದ್ರು."

ನೆಗಡಿ ಅಂಟಂಟು, ಕರವಸ್ತ್ರದಲ್ಲಿ ಒಣಗಿದರೆ ಬಟ್ಟೆ ಗಡುಸಾಗುತ್ತದೆ. ಮೆದುಳಿನ ನೀರು ತಿಳಿಯಾಗಿ, ಸಾಮಾನ್ಯವಾಗಿ ಒಂದೇ ಹೊಳ್ಳೆಯಲ್ಲಿ, ಮುಂದೆ ಬಗ್ಗಿದಾಗ ಹನಿ ಹನಿ ಬೀಳುತ್ತದೆ. ಬಟ್ಟೆ ಒಣಗಿದರೂ ಮೆತ್ತಗೇ ಇರುತ್ತದೆ. ಹಳೇ ಕಾಲದ ಡಾಕ್ಟರು ಮೊದಲು ಕರವಸ್ತ್ರ ಕೇಳುತ್ತಿದ್ದರು. ಈಗ ಆ ನೀರನ್ನು ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಗೆ ಕಳಿಸುತ್ತಾರೆ. ಮನೆಯಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ, ಹಾಗೆ ಸೋರಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಆಪರೇಷನ್ ಆದವರು ಮೂಗು ಸೀಟಬಾರದು, ಸೀನು ಬಂದರೆ ತಡೆಯದೆ ಬಾಯಿ ತೆರೆದು ಸೀನಬೇಕು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು. ಮುಕ್ಕುವುದು, ಬಗ್ಗುವುದು, ಭಾರ ಎತ್ತುವುದು ಎಲ್ಲವೂ ಆ ತೇಪೆಯ ಮೇಲೆ ಒತ್ತಡ ಹಾಕುತ್ತವೆ.

ಆ ರೈತನಿಗೆ ಆಂಟಿಬಯಾಟಿಕ್ ಕೊಟ್ಟು, ಎರಡನೇ ಸಲ ಮೂಗಿನ ನಡುಗೋಡೆಯ ಪೊರೆಯನ್ನೇ ರಕ್ತನಾಳ ಸಮೇತ ತಿರುಗಿಸಿ ಮುಚ್ಚಿದರು. ಸೋರುವುದು ನಿಂತಿತು. ಡಿಸ್ಚಾರ್ಜ್ ದಿನ ಆರು ವಾರ ಭಾರ ಎತ್ತಬಾರದು, ಬಗ್ಗಬಾರದು ಅಂದೆ. ಎಲ್ಲದಕ್ಕೂ ತಲೆ ಆಡಿಸಿ, ಕೊನೆಗೆ ಮೆಲ್ಲಗೆ ಕೇಳಿದರು: "ಎತ್ತು ಹೂಡಬೌದೇನ್ರಿ?" ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಅಂದರು, "ಈ ಸಲ ಹೊಲಾ ನನ್ನ ತಮ್ಮ ನೋಡಿಕೋತಾನ. ನೀವು ಸುಮ್ನ ಕುಂದರ್ರಿ."