ವೃತ್ತಿ ನಾಟಕ ಕಂಪನಿಗಳ ಕ್ಯಾಂಪ್ ಜೀವನ

ಕ್ಯಾಂಪ್ ಎಂಬುದು ಕನ್ನಡ ವೃತ್ತಿರಂಗಭೂಮಿಯಲ್ಲಿ ಬಳಕೆಯಲ್ಲಿರುವ ಪದ. ನಾಟಕ ಕಂಪನಿಯೊಂದು ಒಂದು ಊರಿನಲ್ಲಿ ಬೀಡುಬಿಟ್ಟು, ಟಿಕೆಟ್ಟಿನ ಮೇಲೆ ಪ್ರದರ್ಶನಗಳನ್ನು ನೀಡಿ, ಮುಂದಿನ ಊರಿಗೆ ಹೊರಡುವವರೆಗಿನ ಅವಧಿಯನ್ನು ಕ್ಯಾಂಪ್ ಅಥವಾ ಮೊಕ್ಕಾಂ ಎಂದು ಕರೆಯುತ್ತಾರೆ. ಕ್ಯಾಂಪು ಕೆಲವು ವಾರಗಳಿಂದ ಹಲವು ತಿಂಗಳವರೆಗೆ ನಡೆಯುತ್ತಿತ್ತು. ಈ ಅವಧಿಯಲ್ಲಿ ನಟರು, ವಾದ್ಯಗಾರರು, ಪರದೆ ಎಳೆಯುವವರು, ಅಡುಗೆಯವರು ಮತ್ತು ಅವರ ಕುಟುಂಬಗಳು ಒಂದೇ ಸಂಸಾರದಂತೆ ಬಾಳುತ್ತಿದ್ದವು. ರಂಗದ ಮೇಲೆ ಕಾಣುತ್ತಿದ್ದ ಅರಮನೆ, ಉದ್ಯಾನಗಳ ವೈಭವವೆಲ್ಲ ಆ ರಾತ್ರಿಯ ಟಿಕೆಟ್ ಹಣವನ್ನೇ ನಂಬಿಕೊಂಡಿದ್ದುದು ಈ ಜೀವನದ ಮುಖ್ಯ ಲಕ್ಷಣವಾಗಿದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಾಠಿ ಹಾಗೂ ಪಾರ್ಸಿ ನಾಟಕ ಮಂಡಳಿಗಳು ಕರ್ನಾಟಕದ ಊರುಗಳಲ್ಲಿ ಸಂಚರಿಸಿದವು. ಅವುಗಳ ಪ್ರಭಾವದಿಂದ ಕನ್ನಡದಲ್ಲಿಯೂ ಸಂಚಾರಿ ಕಂಪನಿಗಳು ಹುಟ್ಟಿಕೊಂಡವು. ಉತ್ತರ ಕರ್ನಾಟಕದಲ್ಲಿ ಗರೂಡ ಸದಾಶಿವರಾಯರು, ಏಣಗಿ ಬಾಳಪ್ಪ ಮೊದಲಾದವರೂ ಹಳೆಯ ಮೈಸೂರು ಸೀಮೆಯಲ್ಲಿ ಎ. ವಿ. ವರದಾಚಾರ್ಯರು, ಗುಬ್ಬಿ ವೀರಣ್ಣನವರು, ಎಂ. ವಿ. ಸುಬ್ಬಯ್ಯನಾಯ್ಡು, ಕೆ. ಹಿರಣ್ಣಯ್ಯ ಮೊದಲಾದವರೂ ಕಂಪನಿಗಳನ್ನು ನಡೆಸಿದರು.

ತುಮಕೂರು ಜಿಲ್ಲೆಗೆ ಈ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲನಟನಾಗಿ ಸೇರಿದ ವೀರಣ್ಣನವರು (1891–1972) 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಇದೇ ಜಿಲ್ಲೆಯ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟರು. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ ಚಿತ್ರಕ್ಕೆ ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರೂ ಅವರೇ. ಹಾಸ್ಯನಟ ನರಸಿಂಹರಾಜು ತಿಪಟೂರಿನವರು.

ಊರಿನ ಆಯ್ಕೆ ಮತ್ತು ಪ್ರಯಾಣ

ಕಂಪನಿ ಹೊರಡುವ ಮೊದಲೇ ಅದರ ಮ್ಯಾನೇಜರು ಮುಂದಿನ ಊರಿಗೆ ಹೋಗಿ ಬರುತ್ತಿದ್ದನು. ನೀರಿನ ಅನುಕೂಲವಿರುವ ಬಯಲು, ಸರ್ಕಾರದ ಪರವಾನಗಿ, ತಂಡ ಉಳಿದುಕೊಳ್ಳಲು ಬಾಡಿಗೆ ಮನೆ, ಊರಿನ ಪ್ರಮುಖರ ಒಪ್ಪಿಗೆ ಇವೆಲ್ಲವನ್ನೂ ಆತನೇ ಹೊಂದಿಸಬೇಕಾಗಿತ್ತು. ಸುಗ್ಗಿ ಮುಗಿದು ರೈತರ ಕೈಯಲ್ಲಿ ಹಣವಿರುವ ಕಾಲ, ಜಾತ್ರೆ ಮತ್ತು ದನಗಳ ಪರಿಷೆಯ ದಿನಗಳು ಕ್ಯಾಂಪಿಗೆ ಪ್ರಶಸ್ತವಾಗಿದ್ದವು.

ಸಾಗಾಣಿಕೆಯ ವೆಚ್ಚವೂ ಊರಿನ ಆಯ್ಕೆಯನ್ನು ನಿರ್ಧರಿಸುತ್ತಿತ್ತು. ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳು ರೈಲು ಮಾರ್ಗದಲ್ಲಿದ್ದುದರಿಂದ ಪರದೆ, ಪೆಟ್ಟಿಗೆಗಳನ್ನು ರೈಲಿಗೆ ಹಾಕಬಹುದಾಗಿತ್ತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಿಗೆ ರೈಲು ಸಂಪರ್ಕವಿರಲಿಲ್ಲ. ಅಲ್ಲಿಗೆ ಹೋಗುವ ಕಂಪನಿಗಳು ಮೊದಲು ಎತ್ತಿನ ಗಾಡಿಗಳನ್ನು, ನಂತರದ ಕಾಲದಲ್ಲಿ ಲಾರಿಗಳನ್ನು ಅವಲಂಬಿಸಬೇಕಾಗಿತ್ತು. ಬೆಂಗಳೂರಿನಿಂದ ಚಿತ್ರದುರ್ಗ, ಪುಣೆಗಳ ಕಡೆಗೆ ಸಾಗುವ ಹೆದ್ದಾರಿ ಶಿರಾ ಮೂಲಕ ಹೋಗುವುದರಿಂದ ಲಾರಿಯ ಕಾಲದಲ್ಲಿ ಅಲ್ಲಿಗೆ ಸಾಮಾನು ಸಾಗಿಸುವುದು ಸುಲಭವಾಯಿತು. ಬಹುಮಟ್ಟಿಗೆ ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ಕನ್ನಡದೊಡನೆ ತೆಲುಗು ಬಲ್ಲ ಪ್ರೇಕ್ಷಕರೂ ಇದ್ದಾರೆ. ಗುಬ್ಬಿ ಕಂಪನಿಯು ಆಂಧ್ರ, ತಮಿಳುನಾಡುಗಳಲ್ಲಿಯೂ ಸಂಚಾರ ಮಾಡಿತ್ತು.

ರಂಗಮಂದಿರದ ನಿರ್ಮಾಣ

ಸಣ್ಣ ಊರುಗಳಲ್ಲಿ ಸ್ಥಿರವಾದ ರಂಗಮಂದಿರಗಳಿರಲಿಲ್ಲ. ಬಿದಿರು, ತಡಿಕೆ, ತಗಡಿನ ಶೀಟು ಮತ್ತು ಗೋಣಿತಾಟುಗಳಿಂದ ಕಂಪನಿಯೇ ತಾತ್ಕಾಲಿಕ ಥಿಯೇಟರನ್ನು ಕಟ್ಟಿಕೊಳ್ಳುತ್ತಿತ್ತು. ನೆಲ, ಬೆಂಚು, ಕುರ್ಚಿ, ಸೋಫಾ ಎಂಬ ದರ್ಜೆಗಳಿಗೆ ತಕ್ಕಂತೆ ಟಿಕೆಟ್ ದರವಿರುತ್ತಿತ್ತು. ಹೆಂಗಸರಿಗೆ ಪ್ರತ್ಯೇಕ ಸ್ಥಳವಿರುತ್ತಿತ್ತು. ಸಂಜೆಯಾಗುತ್ತಲೇ ಬ್ಯಾಂಡಿನೊಂದಿಗೆ ಗಾಡಿಯೊಂದು ಬೀದಿಗಳಲ್ಲಿ ಸುತ್ತಿ ಕರಪತ್ರಗಳನ್ನು ಹಂಚುತ್ತಿತ್ತು. ಧ್ವನಿವರ್ಧಕ ಬಂದ ಮೇಲೆ ಈ ಕೆಲಸ ವಾಹನಗಳ ಪಾಲಾಯಿತು. ಬೆಳಕಿಗೆ ಮೊದಲು ಗ್ಯಾಸ್‌ಲೈಟುಗಳನ್ನು ಬಳಸಲಾಗುತ್ತಿತ್ತು. ಅನುಕೂಲಸ್ಥ ಕಂಪನಿಗಳು ಡೈನಮೋ ಇಟ್ಟುಕೊಂಡು ವಿದ್ಯುದ್ದೀಪಗಳನ್ನು ಬೆಳಗಿಸಿದವು. ವಿದ್ಯುತ್ತನ್ನೇ ಕಾಣದ ಊರುಗಳಲ್ಲಿ ಆ ದೀಪಗಳೇ ಜನರನ್ನು ಸೆಳೆಯುತ್ತಿದ್ದವು.

ದಿನಚರಿ

ನಾಟಕ ರಾತ್ರಿ ಒಂಬತ್ತರ ಸುಮಾರಿಗೆ ಆರಂಭವಾಗಿ ನಡುರಾತ್ರಿಯ ನಂತರವೂ ನಡೆಯುತ್ತಿತ್ತು. ಪ್ರೇಕ್ಷಕರು ಮನೆಗೆ ತೆರಳಿದ ಮೇಲೆ ನಟರು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಒಡವೆ, ಕಿರೀಟ, ಉಡುಪುಗಳನ್ನು ಎಣಿಸಿ ಪೆಟ್ಟಿಗೆಗಳಲ್ಲಿಟ್ಟ ನಂತರವೇ ನಿದ್ರೆ. ಹೀಗಾಗಿ ಕಂಪನಿಯ ಮನೆಯಲ್ಲಿ ಬೆಳಗಾಗುವುದು ತಡವಾಗುತ್ತಿತ್ತು. ಊಟ ಕಂಪನಿಯದು. ಹಿರಿಯ ನಟರಿಂದ ಹಿಡಿದು ಪರದೆ ಎಳೆಯುವ ಹುಡುಗರವರೆಗೆ ಎಲ್ಲರಿಗೂ ಒಂದೇ ಅಡುಗೆಮನೆಯಲ್ಲಿ ಅಡುಗೆಯಾಗುತ್ತಿತ್ತು.

ಊಟದ ನಂತರ ತಾಲೀಮು. ಹಾರ್ಮೋನಿಯಂ ಮೇಷ್ಟ್ರು ಕಂದ ಪದ್ಯಗಳನ್ನೂ ರಂಗಗೀತೆಗಳನ್ನೂ ಹೇಳಿಕೊಡುತ್ತಿದ್ದರು. ಓದು ಬಾರದ ನಟರು ಮಾತುಗಳನ್ನು ಕೇಳಿಯೇ ಬಾಯಿಪಾಠ ಮಾಡುತ್ತಿದ್ದರು. ಒಂದೇ ಊರಿನಲ್ಲಿ ಹಲವು ನಾಟಕಗಳನ್ನು ಆಡಬೇಕಾದ್ದರಿಂದ ಪ್ರತಿಯೊಬ್ಬರಿಗೂ ಅನೇಕ ಪಾತ್ರಗಳು ಕಂಠಸ್ಥವಾಗಿರಬೇಕಿತ್ತು. ಒಬ್ಬ ನಟ ಕಾಯಿಲೆ ಬಿದ್ದರೆ ಅದೇ ರಾತ್ರಿ ಮತ್ತೊಬ್ಬನು ಆ ಪಾತ್ರಕ್ಕೆ ನಿಲ್ಲುತ್ತಿದ್ದನು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ನೆಲದ ಕೊನೆಯ ಸಾಲಿನವರೆಗೂ ಕೇಳುವಂತೆ ಹಾಡಬೇಕಿದ್ದುದರಿಂದ ಕಂಠವನ್ನು ಕಾಪಾಡಿಕೊಳ್ಳುವುದು ನಟರ ನಿತ್ಯದ ಚಿಂತೆಯಾಗಿತ್ತು.

ತೆರೆಯ ಹಿಂದೆ

ಬಣ್ಣದ ಮನೆಯಲ್ಲಿ ಸಫೇದ, ಅರದಾಳ, ಇಂಗಳೀಕ, ಕಾಡಿಗೆಗಳಿಂದ ಮುಖವರ್ಣಿಕೆ ನಡೆಯುತ್ತಿತ್ತು. ಮೊದಲು ಪೂಜೆ, ನಂತರ ನಾಂದಿ, ಆಮೇಲೆ ಕಥೆ. ರಸ್ತೆ, ಕಾಡು, ದರ್ಬಾರು, ಅಂತಃಪುರ, ಉದ್ಯಾನಗಳನ್ನು ಚಿತ್ರಿಸಿದ ಪರದೆಗಳಿಗೆ ‘ಸೀನರಿ’ ಎಂದು ಹೆಸರು. ಕಂಪನಿಯ ಬಂಡವಾಳದ ದೊಡ್ಡ ಪಾಲು ಇವುಗಳಲ್ಲೇ ತೊಡಗಿರುತ್ತಿತ್ತು. ಮಳೆ ಮತ್ತು ಬೆಂಕಿಗೆ ಮಾಲೀಕರು ಅಂಜುತ್ತಿದ್ದುದಕ್ಕೆ ಇದೇ ಕಾರಣ.

ರಂಗದ ಹಿಂಭಾಗದಲ್ಲಿ ದರ್ಬಾರನ್ನು ಸಜ್ಜುಗೊಳಿಸಲು ಸಮಯ ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಮುಂಭಾಗದ ರಸ್ತೆಯ ಪರದೆಯನ್ನು ಇಳಿಸಿ ಅದರ ಮುಂದೆ ಹಾಸ್ಯದೃಶ್ಯವನ್ನು ಆಡಿಸುತ್ತಿದ್ದರು. ಕೆಲಸ ಮುಗಿಯದಿದ್ದರೆ ಹಾಸ್ಯನಟನು ಸ್ವಂತ ಮಾತುಗಳಿಂದ ದೃಶ್ಯವನ್ನು ಬೆಳೆಸಬೇಕಾಗಿತ್ತು. ಕಂಪನಿ ನಾಟಕಗಳಲ್ಲಿ ಹಾಸ್ಯನಟನಿಗೆ ದೊರೆತ ಪ್ರಾಮುಖ್ಯಕ್ಕೆ ಈ ಅಗತ್ಯವೂ ಒಂದು ಕಾರಣವಾಗಿದೆ. ಸ್ವತಃ ವೀರಣ್ಣನವರು ಹಾಸ್ಯಪಾತ್ರಗಳಿಗೆ ಹೆಸರಾಗಿದ್ದರು. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ಅಪಾರ ಜನಪ್ರಿಯತೆ ತಂದಿತು.

ರಂಗವೈಭವ ಹೆಚ್ಚಿದಂತೆ ತೆರೆಯ ಹಿಂದಿನ ದುಡಿಮೆಯೂ ಹೆಚ್ಚಿತು. 1934ರಲ್ಲಿ ಗುಬ್ಬಿ ಕಂಪನಿಯು ಪ್ರದರ್ಶಿಸಿದ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗದ ಮೇಲೆ ಬಂದವು. ಪ್ರಾಣಿಗಳ ಮೇವು, ಮಾವುತರು ಹಾಗೂ ಭಾರ ತಾಳುವ ರಂಗವೇದಿಕೆ ಇವೆಲ್ಲ ಇಂತಹ ಪ್ರದರ್ಶನದ ಖರ್ಚಿಗೆ ಸೇರುತ್ತಿದ್ದವು.

ಹಣಕಾಸು

ಪ್ರತಿ ರಾತ್ರಿಯ ಟಿಕೆಟ್ ಹಣಕ್ಕೆ ‘ಕಲೆಕ್ಷನ್’ ಎಂದು ಹೆಸರು. ಊಟ, ಬಾಡಿಗೆ, ಬೆಳಕು, ತೆರಿಗೆ, ಸಂಬಳ ಎಲ್ಲವೂ ಅದರಿಂದಲೇ ನಡೆಯಬೇಕಾಗಿತ್ತು. ಒಳ್ಳೆಯ ನಟರನ್ನು ಮುಂಗಡ ಹಣ ಕೊಟ್ಟು ಕರೆತರುವುದು ರೂಢಿಯಾಗಿತ್ತು. ಮುಂಗಡ ತೀರುವವರೆಗೆ ನಟನು ಕಂಪನಿಯನ್ನು ಬಿಡುವಂತಿರಲಿಲ್ಲ. ಹೆಚ್ಚಿನ ಮುಂಗಡದ ಆಸೆಗೆ ನಟರು ಬೇರೆ ಕಂಪನಿಗೆ ಹೋಗುವುದೂ ಇತ್ತು. ಪ್ರಮುಖ ಕಲಾವಿದರಿಗೆ ಒಂದು ರಾತ್ರಿಯ ಗಳಿಕೆಯನ್ನು ನೀಡುವ ಬೆನಿಫಿಟ್ ನಾಟಕಗಳೂ ನಡೆಯುತ್ತಿದ್ದವು.

ಅಕಾಲದ ಮಳೆ, ಸಾಂಕ್ರಾಮಿಕ ರೋಗ ಅಥವಾ ಬರಗಾಲ ಬಂದರೆ ಕಲೆಕ್ಷನ್ ಬೀಳುತ್ತಿತ್ತು, ಆದರೆ ಒಲೆ ಉರಿಯಲೇಬೇಕಾಗಿತ್ತು. ಮೊದಲು ಸಂಬಳ ತಡವಾಗುವುದು, ನಂತರ ಅಂಗಡಿಯಲ್ಲಿ ಸಾಲ, ಕೊನೆಗೆ ಸೀನರಿ, ಒಡವೆಗಳ ಅಡವು ಎಂಬುದು ಸಾಮಾನ್ಯ ಕ್ರಮವಾಗಿತ್ತು. ಸಾಲ ತೀರದೆ ಊರು ಬಿಡಲಾಗದ ಸ್ಥಿತಿಯೂ ಒದಗುತ್ತಿತ್ತು. ಮಾಲೀಕನೂ ಬಹುಮಟ್ಟಿಗೆ ನಟನೇ ಆಗಿದ್ದುದರಿಂದ ನಷ್ಟದ ದಿನವೂ ಆತನು ಬಣ್ಣ ಹಚ್ಚಿ ನಗಿಸಬೇಕಾಗಿತ್ತು.

ಕಲಾವಿದೆಯರು ಮತ್ತು ಮಕ್ಕಳು

ಆರಂಭದಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಏಣಗಿ ಬಾಳಪ್ಪನವರು ಸ್ತ್ರೀಪಾತ್ರಗಳಿಂದ ಹೆಸರಾದವರಲ್ಲಿ ಒಬ್ಬರು. ಮುಂದೆ ಮಹಿಳೆಯರು ರಂಗಕ್ಕೆ ಬಂದರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮ ಪ್ರಸಿದ್ಧ ನಟಿಯಾದರು. ದಾವಣಗೆರೆಯ ಕೆ.ಬಿ.ಆರ್. ಕಂಪನಿಯ ಚಿಂದೋಡಿ ಲೀಲಾ ನಟಿಯಾಗಿಯೂ ಕಂಪನಿಯ ಒಡತಿಯಾಗಿಯೂ ಹೆಸರು ಗಳಿಸಿದರು. ರಾತ್ರಿ ಚಪ್ಪಾಳೆ ತಟ್ಟಿದ ಊರೇ ಹಗಲಿನಲ್ಲಿ ನಾಟಕದವರೆಂದು ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಿದ್ದುದು ಕಲಾವಿದೆಯರಿಗೆ ಎದುರಾಗುತ್ತಿದ್ದ ತೊಂದರೆ. ಕೂಸನ್ನು ವಿಂಗಿನಲ್ಲಿ ಮಲಗಿಸಿ ರಂಗಕ್ಕೆ ಹೋಗುವುದು ತಾಯಂದಿರಿಗೆ ಅನಿವಾರ್ಯವಾಗಿತ್ತು.

ಕ್ಯಾಂಪು ಬದಲಾದಾಗಲೆಲ್ಲ ಮಕ್ಕಳ ಶಾಲೆ ನಿಲ್ಲುತ್ತಿತ್ತು. ಅಕ್ಷರಕ್ಕಿಂತ ಮೊದಲು ರಾಗ, ತಾಳ, ಮಾತುಗಳನ್ನು ಕಲಿತ ಅನೇಕ ಮಕ್ಕಳು ಬಾಲನಟರಾದರು. ಡಾ. ರಾಜ್‌ಕುಮಾರ್ ಬಾಲ್ಯದಲ್ಲಿ ತಂದೆ ಪುಟ್ಟಸ್ವಾಮಯ್ಯನವರೊಂದಿಗೆ ಗುಬ್ಬಿ ಕಂಪನಿಗೆ ಬಂದರು. ಅವರ ಶಾಲಾ ವ್ಯಾಸಂಗ ಪ್ರಾಥಮಿಕ ಹಂತದಲ್ಲೇ ನಿಂತಿತು. ಮನೆ ಬಿಟ್ಟು ಬಂದು ಇದೇ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಹೆಚ್ಚಿನ ವ್ಯಾಸಂಗಕ್ಕೆಂದು ಕಾಶಿಗೆ ಕಳುಹಿಸಿದರು. ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಅವರೂ ಈ ಕಂಪನಿಯಲ್ಲಿ ದುಡಿದವರೇ. ಶಾಲೆಯನ್ನು ತಪ್ಪಿಸಿದ ಕ್ಯಾಂಪೇ ಕೆಲವರಿಗೆ ಶಾಲೆಯೂ ಆಯಿತು. ಆದರೆ ಹೆಸರಾಗದೆ ಉಳಿದ ಬಹುಮಂದಿಗೆ ವಯಸ್ಸಾದ ಮೇಲೆ ಬೇರೆ ಕಸುಬಾಗಲಿ ಸ್ವಂತ ಸೂರಾಗಲಿ ಇರಲಿಲ್ಲ.

ಇಳಿಮುಖ ಮತ್ತು ಇಂದಿನ ಸ್ಥಿತಿ

ಮಾತಿನ ಚಿತ್ರಗಳು ಹರಡಿದಂತೆ ಕಂಪನಿಗಳ ಪ್ರೇಕ್ಷಕರೂ ನಟರೂ ಆ ಕಡೆಗೆ ಸರಿದರು. ವೀರಣ್ಣನವರೇ ಚಿತ್ರ ನಿರ್ಮಾಣಕ್ಕೆ ಕೈಹಾಕಿದರು. ರಂಗದಿಂದ ಚಿತ್ರಕ್ಕೆ ಬಂದ ‘ಬೇಡರ ಕಣ್ಣಪ್ಪ’ (1954) ರಾಜ್‌ಕುಮಾರ್ ಅವರನ್ನು ನಾಯಕನಟರನ್ನಾಗಿ ಮಾಡಿತು. ಮುಂದೆ ದೂರದರ್ಶನ ಬಂದ ಮೇಲೆ ದೀರ್ಘ ಕ್ಯಾಂಪುಗಳು ವಿರಳವಾದವು. ಈಗ ಉಳಿದಿರುವ ಕಂಪನಿಗಳು ಬಾದಾಮಿ ಬಳಿಯ ಬನಶಂಕರಿ ಜಾತ್ರೆ, ಶಿರಸಿಯ ಮಾರಿಕಾಂಬಾ ಜಾತ್ರೆ ಮೊದಲಾದ ಕಡೆಗಳಲ್ಲಿ ಮೊಕ್ಕಾಂ ಹೂಡುತ್ತವೆ.

ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಈ ಪರಂಪರೆ ಬೇರೆ ರೂಪದಲ್ಲಿ ಉಳಿದಿದೆ. ಶಿರಾ, ಮಧುಗಿರಿ ಕಡೆಯ ಊರುಗಳಲ್ಲಿ ರೈತರು, ನೌಕರರು ಹಾರ್ಮೋನಿಯಂ ಮೇಷ್ಟ್ರರಿಂದ ತಿಂಗಳುಗಟ್ಟಲೆ ಕಲಿತು ‘ಕುರುಕ್ಷೇತ್ರ’ದಂತಹ ಪೌರಾಣಿಕ ನಾಟಕಗಳನ್ನು ರಾತ್ರಿಯಿಡೀ ಆಡುತ್ತಾರೆ. ಸೀನರಿ, ಉಡುಪು, ಕಿರೀಟಗಳು ಬಾಡಿಗೆಗೆ ಬರುತ್ತವೆ. ಕಂಪನಿಯ ನಟನು ಹೊಟ್ಟೆಪಾಡಿಗಾಗಿ ಬಣ್ಣ ಹಚ್ಚುತ್ತಿದ್ದನು. ಇಲ್ಲಿನ ಹವ್ಯಾಸಿ ನಟನಾದರೋ ಪಾತ್ರ ದೊರೆಯಲೆಂದು ತನ್ನ ಕೈಯಿಂದಲೇ ಹಣ ಕೊಡುತ್ತಾನೆ.